ಲಾನ್ ಚೇನಿ: ನಾಟಕ ಕಂಪನಿಯಿಂದ ಮೂಕಿ ಪರದೆಗೆ

ಲಾನ್ ಚೇನಿ ಅಂದರೆ ಗೊತ್ತಿರುವವರಿಗೆ ಮೊದಲು ನೆನಪಾಗುವುದು ಒಂದು ತಲೆಬುರುಡೆಯಂಥ ಮುಖ. ಅದು 1925ರ ‘ದಿ ಫ್ಯಾಂಟಮ್ ಆಫ್ ದಿ ಒಪೆರಾ’ ಚಿತ್ರದ್ದು. ಇನ್ನೊಂದು, ಪ್ಯಾರಿಸ್ಸಿನ ನೋತ್ರ ದಾಮ್ ಚರ್ಚಿನಲ್ಲಿ ಗಂಟೆ ಬಾರಿಸುವ ಗೂನನದ್ದು. ಎರಡೂ ಹೆದರಿಸುವ ಮುಖಗಳೇ. ಹಾಗಾಗಿ ಈತ ಹಾರರ್ ಸಿನಿಮಾದ ನಟ ಅಂತ ಹಣೆಪಟ್ಟಿ ಅಂಟಿಬಿಟ್ಟಿದೆ. ನನಗೆ ಆ ಹಣೆಪಟ್ಟಿ ಸರಿ ಅನ್ನಿಸುವುದಿಲ್ಲ. ಈ ಮನುಷ್ಯ ಸಿನಿಮಾಕ್ಕೆ ಬರುವ ಮೊದಲು ಹತ್ತು ವರ್ಷ ಊರೂರು ಅಲೆಯುವ ನಾಟಕ ಕಂಪನಿಗಳಲ್ಲಿ ಇದ್ದ. ಅಲ್ಲಿ ಏನು ಮಾಡುತ್ತಿದ್ದ ಗೊತ್ತಾ? ಹಾಸ್ಯ ಪಾತ್ರ ಮಾಡುತ್ತಿದ್ದ. ಹಾಡುತ್ತಿದ್ದ, ಕುಣಿಯುತ್ತಿದ್ದ. ಪತ್ರಿಕೆಗಳು ಅವನ ಕುಣಿತವನ್ನು ಹೊಗಳಿದ್ದುಂಟು!

ಹುಟ್ಟಿದ್ದು 1883ರ ಏಪ್ರಿಲ್ 1ರಂದು, ಅಮೆರಿಕದ ಕೊಲೊರಾಡೋ ಸ್ಪ್ರಿಂಗ್ಸ್‌ನಲ್ಲಿ. ಅಪ್ಪ ಕ್ಷೌರದಂಗಡಿಯಲ್ಲಿ ದುಡಿಯುತ್ತಿದ್ದವನು. ಅಪ್ಪ, ಅಮ್ಮ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ. ಆ ರಾಜ್ಯದ ಕಿವುಡರ ಶಾಲೆ ಶುರುವಾಗಿದ್ದೇ ತಾಯಿಯ ಮನೆಯವರಿಂದ. ಹುಡುಗ ನಾಲ್ಕನೇ ತರಗತಿಯಲ್ಲಿದ್ದಾಗ ಅಮ್ಮ ಸಂಧಿವಾತದಿಂದ ಹಾಸಿಗೆ ಹಿಡಿದಳು. ಅವಳನ್ನು ನೋಡಿಕೊಳ್ಳಲು ಶಾಲೆ ಬಿಟ್ಟ. ದಿನವೂ ಪೇಟೆ ಸುತ್ತಿ ಬಂದು, ಅಲ್ಲಿ ಯಾರು ಹೇಗೆ ನಡೆದರು, ಯಾರು ಯಾರ ಮೇಲೆ ರೇಗಿದರು ಅನ್ನುವುದನ್ನೆಲ್ಲ ಅವಳ ಮುಂದೆ ಅಭಿನಯಿಸಿ ತೋರಿಸುತ್ತಿದ್ದ.

ಅವನ ಬಗ್ಗೆ ಬರೆಯುವವರು ಇಲ್ಲಿಗೆ ಬಂದು ಖುಷಿಯಾಗಿ ಕೂತುಬಿಡುತ್ತಾರೆ. ಮಾತಿಲ್ಲದ ಮನೆಯ ಹುಡುಗ, ಮಾತಿಲ್ಲದ ಸಿನಿಮಾದ ನಟ. ಲೆಕ್ಕ ಸರಿಹೋಯಿತು! ಅಷ್ಟು ಸುಲಭ ಇಲ್ಲ. ಮೊದಲನೆಯದಾಗಿ, ಕಿವುಡರ ಕೈಸನ್ನೆ ಮೂಕಾಭಿನಯ ಅಲ್ಲ. ಅದು ವ್ಯಾಕರಣ ಇರುವ ಒಂದು ಭಾಷೆ. ಅದು ಮನೆಮಾತಾಗಿದ್ದವರೆಲ್ಲ ನಟರಾಗಲಿಲ್ಲವಲ್ಲ. ಎದುರಿನವರ ಮುಖವನ್ನು ಬಿಡದೆ ನೋಡುವ ಅಭ್ಯಾಸ ಆ ಮನೆಯಿಂದ ಬಂದಿರಬಹುದು, ಒಪ್ಪುತ್ತೇನೆ. ಆದರೆ ಕೆಲಸ ಕಲಿತದ್ದು ಬೇರೆ ಕಡೆ.

ಕಲಿತದ್ದು ಊರಿನ ಒಪೆರಾ ಹೌಸ್‌ನ ಹಿಂಭಾಗದಲ್ಲಿ. ಅಣ್ಣ ಜಾನ್ ಅಲ್ಲಿ ಕೆಲಸಕ್ಕಿದ್ದ. ಲಾನ್ ಕೂಡ ಸೇರಿದ. ಸಾಮಾನು ಹೊರುವುದು, ಪರದೆ ಎಳೆಯುವುದು, ದೃಶ್ಯ ಬದಲಾದಾಗ ಕುರ್ಚಿ ಮೇಜು ಓಡೋಡಿ ಜೋಡಿಸುವುದು. ನಡುವೆ ಗೋಡೆಗೆ ಕಾಗದ ಅಂಟಿಸುವ, ಜಮಖಾನ ಹಾಸುವ ಕೆಲಸವನ್ನೂ ಮಾಡಿದ. 1902ರಲ್ಲಿ ಅಣ್ಣನ ಜೊತೆ ರಂಗದ ಮೇಲೆ ಬಂದ. ಆಮೇಲೆ ಒಂದು ಕಂಪನಿ ಮುಳುಗಿದರೆ ಇನ್ನೊಂದು, ಅದೂ ಮುಳುಗಿದರೆ ಮತ್ತೊಂದು. ಸಂಗೀತ ಹಾಸ್ಯ ನಾಟಕಗಳು. ಸಣ್ಣ ಕಂಪನಿಯಲ್ಲಿ ಇಂಥದ್ದೇ ಕೆಲಸ ಅಂತ ಇರುವುದಿಲ್ಲ. ನಟ, ನೃತ್ಯ ನಿರ್ದೇಶಕ, ಸ್ಟೇಜ್ ಮ್ಯಾನೇಜರ್, ಬಟ್ಟೆ ನೋಡಿಕೊಳ್ಳುವವನು, ಎಲ್ಲವೂ ಒಬ್ಬನೇ.

ನಮ್ಮ ವೃತ್ತಿ ರಂಗಭೂಮಿಯ ಹಳಬರ ಜೊತೆ ಕೂತು ಮಾತಾಡಿದವರಿಗೆ ಇದು ಹೊಸದಲ್ಲ. ಸಂಜೆ ಟಿಕೆಟ್ ಹರಿದವರೇ ರಾತ್ರಿ ದುರ್ಯೋಧನ. ಬೆಳಗಿನ ಜಾವ ಲಾರಿಗೆ ಸಾಮಾನು ಏರಿಸುವವರೂ ಅವರೇ. ತಮ್ಮ ಬಣ್ಣ ತಾವೇ ಹಚ್ಚಿಕೊಳ್ಳಬೇಕು. ಇದನ್ನು ಬಡತನ ಅಂತ ಮಾತ್ರ ನೋಡಬಾರದು. ಕೈಯಲ್ಲಿ ಹತ್ತು ಕಸುಬು ಇರುವ ನಟನಿಗೆ ಪಾತ್ರದ ಬಗ್ಗೆ ಯೋಚಿಸುವ ರೀತಿಯೇ ಬೇರೆ ಇರುತ್ತದೆ. ‘ಈ ಮನುಷ್ಯನ ಮನಸ್ಸಲ್ಲಿ ಏನಿದೆ’ ಅನ್ನುವುದರ ಜೊತೆಗೇ ‘ಇವನ ಬೆನ್ನು ಎಷ್ಟು ಬಾಗಿದೆ, ಆ ಬಾಗು ನಿಲ್ಲಿಸಲು ಒಳಗೆ ಏನು ಕಟ್ಟಬೇಕು’ ಅನ್ನುವುದೂ ಬರುತ್ತದೆ. ಚೇನಿಯ ಇಡೀ ಸಿನಿಮಾ ಬದುಕು ನನಗೆ ಕಾಣುವುದು ಹೀಗೆ. ಅವನು ಕೊನೆಯವರೆಗೂ ಕಂಪನಿಯ ಕೆಲಸಗಾರನಾಗಿಯೇ ಉಳಿದ.

ಸಿನಿಮಾಕ್ಕೆ ಯಾಕೆ ಬಂದ? ಕಲೆಯ ಆಸೆಗೆ ಬರಲಿಲ್ಲ. ಗತಿಯಿಲ್ಲದೆ ಬಂದ. 1905ರಲ್ಲಿ ಕ್ಲೀವಾ ಕ್ರೈಟನ್ ಎಂಬ ಹಾಡುಗಾರ್ತಿಯನ್ನು ಮದುವೆಯಾಗಿದ್ದ. ಮರುವರ್ಷ ಮಗ ಹುಟ್ಟಿದ. ಅಲೆಮಾರಿ ಬದುಕು, ಕೈಯಲ್ಲಿ ಕಾಸಿಲ್ಲ, ಸಂಸಾರ ಹದಗೆಟ್ಟಿತು. 1913ರ ಏಪ್ರಿಲ್‌ನಲ್ಲಿ ಚೇನಿ ‘ಕೋಲ್ಬ್ ಅಂಡ್ ಡಿಲ್’ ಅನ್ನುವ ಹಾಸ್ಯ ಜೋಡಿಯ ಕಂಪನಿಯ ಜೊತೆ ಲಾಸ್ ಏಂಜಲಿಸ್‌ನ ಮೆಜೆಸ್ಟಿಕ್ ಥಿಯೇಟರ್‌ನಲ್ಲಿ ಕೆಲಸ ಮಾಡುತ್ತಿದ್ದ. ಅಲ್ಲಿಗೇ ಬಂದ ಕ್ಲೀವಾ ಪಾದರಸದ ವಿಷ ಕುಡಿದಳು. ಜೀವ ಉಳಿಯಿತು, ಹಾಡುವ ಗಂಟಲು ಹೋಯಿತು. ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆ ರಗಳೆಯ ನಂತರ ಚೇನಿಗೆ ನಾಟಕದಲ್ಲಿ ಜಾಗ ಸಿಗದಂತಾಯಿತು. ಪುಟ್ಟ ಮಗನನ್ನು ಕೆಲಕಾಲ ಬೇರೆಯವರ ಆಶ್ರಯದಲ್ಲಿ ಬಿಡಬೇಕಾಯಿತು. 1915ರಲ್ಲಿ ಹೇಝಲ್ ಹೇಸ್ಟಿಂಗ್ಸ್‌ಳನ್ನು ಮದುವೆಯಾದ ಮೇಲೆಯೇ ಮಗ ಮನೆಗೆ ಬಂದದ್ದು.

ಆ ಕಾಲದಲ್ಲಿ ನಾಟಕದವರಿಗೆ ಸಿನಿಮಾ ಅಂದರೆ ಒಂದು ಮೆಟ್ಟಿಲು ಕೆಳಗೆ. ಯೂನಿವರ್ಸಲ್ ಸ್ಟುಡಿಯೋದಲ್ಲಿ ದಿನಗೂಲಿಯ ನಟರು ಬೆಳಗ್ಗೆಯೇ ಬಂದು ಕಾಯಬೇಕಿತ್ತು. ಸಹಾಯಕ ನಿರ್ದೇಶಕ ಬಂದು ‘ಇವತ್ತು ಒಬ್ಬ ನಾವಿಕ ಬೇಕು’ ಅಂತಲೋ ‘ಒಬ್ಬ ಮುದುಕ ಬೇಕು’ ಅಂತಲೋ ಕೂಗುತ್ತಿದ್ದ. ಚೇನಿಯ ಕೈಯಲ್ಲಿ ನಾಟಕದ ಬಣ್ಣದ ಪೆಟ್ಟಿಗೆ ಇತ್ತು. ಏನು ಬೇಕು ಅಂತ ಕಿವಿಗೆ ಬಿದ್ದ ಕೂಡಲೇ ಮರೆಗೆ ಹೋಗಿ ಅದೇ ಆಗಿ ಬರುತ್ತಿದ್ದ ಅನ್ನುವುದು ಹಾಲಿವುಡ್ಡಿನ ಹಳೆಯ ಕಥೆ. ಕಥೆಗೆ ಸ್ವಲ್ಪ ಮಸಾಲೆ ಸೇರಿರಬಹುದು. ಆದರೆ ಹೊಟ್ಟೆಪಾಡಿಗೆ ಅವನು ವೇಷಗಳನ್ನು ಕಲಿತದ್ದಂತೂ ನಿಜ.

ಇಲ್ಲಿ ಬಣ್ಣದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಆಗಿನ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ಅಂದರೆ ಅದಕ್ಕೆ ಕಪ್ಪು. ನೀಲಿ ಅಂದರೆ ಬಿಳಿ. ನಾಟಕದಲ್ಲಿ ಮಾಡುವ ಹಾಗೆ ಕೆನ್ನೆಗೆ ಕೆಂಪು ಹಚ್ಚಿಕೊಂಡು ಕ್ಯಾಮೆರಾ ಮುಂದೆ ನಿಂತರೆ ಕೆನ್ನೆಯಲ್ಲಿ ಗುಳಿ ಬಿದ್ದ ಹಾಗೆ ಕಾಣುತ್ತಿತ್ತು. ನೀಲಿ ಕಣ್ಣಿನವರ ಕಣ್ಣು ಸುಣ್ಣ ಬಳಿದಂತೆ ಪೇಲವ. ನಾಟಕದಿಂದ ಬಂದ ಎಷ್ಟೋ ಜನ ಇದರಲ್ಲಿ ಎಡವಿದರು. ಚೇನಿ ಇದನ್ನೇ ಉಪಯೋಗಿಸಿಕೊಂಡ. ಕೆಂಪು ಹಚ್ಚಿದಲ್ಲಿ ಗುಳಿ ಕಾಣುತ್ತದೆಯಾ? ಹಾಗಾದರೆ ಗುಳಿ ಬೇಕಾದಲ್ಲಿ ಕೆಂಪು ಹಚ್ಚಿದರಾಯಿತು. 1929ರಲ್ಲಿ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಹೊಸ ಆವೃತ್ತಿ ಬಂದಾಗ ಸಿನಿಮಾ ಮೇಕಪ್ ಬಗ್ಗೆ ಅದರಲ್ಲಿ ಬರೆದದ್ದು ಇವನೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು!

ದೊಡ್ಡ ರಂಗನಟರೂ ಆಗ ಸಿನಿಮಾಕ್ಕೆ ಬಂದರು. ಸಾರಾ ಬರ್ನ್‌ಹಾರ್ಟ್ ಹೆಸರು ಕೇಳಿರುತ್ತೀರಿ. ಫ್ರಾನ್ಸಿನ ರಂಗಭೂಮಿಯ ರಾಣಿ. 1912ರಲ್ಲಿ, ಅರವತ್ತೈದು ದಾಟಿದ ಮೇಲೆ, ಇಂಗ್ಲೆಂಡಿನ ಎಲಿಜಬೆತ್ ರಾಣಿಯಾಗಿ ಸಿನಿಮಾದಲ್ಲಿ ನಟಿಸಿದಳು. ಚಿತ್ರ ಅಮೆರಿಕದಲ್ಲಿ ಚೆನ್ನಾಗಿ ಓಡಿತು. ಇವತ್ತು ನೋಡಿ. ಕ್ಯಾಮೆರಾ ದೂರದಲ್ಲಿ ನಿಂತಿದೆ, ಆಕೆ ಎರಡೂ ಕೈ ಮೇಲೆತ್ತುತ್ತಾಳೆ, ಕೊನೆಗೆ ದಿಂಬಿನ ರಾಶಿಯ ಮೇಲೆ ಬಿದ್ದು ಸಾಯುತ್ತಾಳೆ. ಪಾಪ, ಆಕೆಯ ದೊಡ್ಡ ಆಸ್ತಿ ಧ್ವನಿ. ಅದೇ ಇಲ್ಲ. ಆಕೆ ತನ್ನ ರಂಗಮಂಚವನ್ನೇ ಹೊತ್ತುಕೊಂಡು ಬಂದಿದ್ದಳು. ಚೇನಿಗೆ ಕಾಪಾಡಿಕೊಳ್ಳಬೇಕಾದ ಕೀರ್ತಿ ಇರಲಿಲ್ಲ. ಹಾಗಾಗಿ ಹೊಸದಾಗಿ ಕಲಿಯಲು ನಾಚಿಕೆಯೂ ಇರಲಿಲ್ಲ.

ಯೂನಿವರ್ಸಲ್‌ನಲ್ಲಿ ಐದು ವರ್ಷ, ನೂರಕ್ಕೂ ಹೆಚ್ಚು ಚಿತ್ರ. ಹೆಚ್ಚಿನವು ಒಂದು ಎರಡು ರೀಲಿನವು. ಕೆಲವಕ್ಕೆ ಕಥೆ ಬರೆದ, ಕೆಲವನ್ನು ನಿರ್ದೇಶಿಸಿದ. ಸಂಬಳ ವಾರಕ್ಕೆ 125 ಡಾಲರ್ ಮಾಡಿ ಅಂತ ಕೇಳಿದಾಗ ಸ್ಟುಡಿಯೋ ಮ್ಯಾನೇಜರ್ ‘ನೀನು ನೂರು ಡಾಲರ್ ದಾಟುವ ಆಸಾಮಿಯಲ್ಲ’ ಅಂದನಂತೆ. ಚೇನಿ ಹೊರಗೆ ಬಂದ. ಮುಂದೆ 1923ರಲ್ಲಿ ಅದೇ ಯೂನಿವರ್ಸಲ್ ವಾರಕ್ಕೆ 2,500 ಡಾಲರ್ ಕೊಟ್ಟು ಕರೆಸಿಕೊಂಡಿತು.

ನಡುವೆ ನಡೆದದ್ದು ‘ದಿ ಮಿರಾಕಲ್ ಮ್ಯಾನ್’, 1919. ಅದರಲ್ಲಿ ‘ಫ್ರಾಗ್’ ಅನ್ನುವ ಒಬ್ಬ ಮೋಸಗಾರ. ಕೈಕಾಲು ತಿರುಚಿದ ಅಂಗವಿಕಲನಂತೆ ತೆವಳುತ್ತಾ ಭಿಕ್ಷೆ ಬೇಡುತ್ತಾನೆ. ಒಳಗೆ ಮೈ ಸರಿಯಾಗೇ ಇದೆ. ನಿರ್ದೇಶಕ ಮೊದಲು ಹುಡುಕಿದ್ದು ಮೈ ಹೇಗೆ ಬೇಕಾದರೂ ಬಗ್ಗಿಸುವ ಸರ್ಕಸ್ಸಿನವರನ್ನು. ಅವರಿಗೆ ಮೈ ಬಗ್ಗುತ್ತಿತ್ತು, ನಟನೆ ಬರುತ್ತಿರಲಿಲ್ಲ. ಚೇನಿ ಕಾಲು ಹೆಣೆದು, ಕಣ್ಣು ಮೇಲಕ್ಕೆ ತಿರುಗಿಸಿ, ನೆಲದ ಮೇಲೆ ಎಳೆದುಕೊಂಡು ಬಂದು ತೋರಿಸಿದ. ಚಿತ್ರ ಪೂರ್ತಿ ಉಳಿದಿಲ್ಲ. ಅದೃಷ್ಟಕ್ಕೆ ಈ ದೃಶ್ಯದ ತುಣುಕು ಉಳಿದಿದೆ. ಸುಳ್ಳು ಹೆಳವನ ಎದುರಿಗೇ ಒಬ್ಬ ನಿಜವಾದ ಹೆಳವ ಹುಡುಗ ಊರುಗೋಲು ಎಸೆದು ನಡೆಯತೊಡಗುತ್ತಾನೆ. ಆಗ ಇವನ ಮುಖ ನೋಡಬೇಕು. ಮೋಸ ಮಾಡಲು ಬಂದವನಿಗೆ ನಿಜ ಕಂಡರೆ ಏನಾಗುತ್ತದೆ ಅನ್ನುವುದು ಅಲ್ಲಿದೆ. ಅಲ್ಲಿ ಮೈಯ ತಿರುಚುವಿಕೆ ಅಲ್ಲ ಮುಖ್ಯ.

ಮರುವರ್ಷ ‘ದಿ ಪೆನಾಲ್ಟಿ’. ಎರಡೂ ಕಾಲಿಲ್ಲದ ಪಾತಕಿಯ ಪಾತ್ರ. ಚೇನಿ ಮೊಣಕಾಲು ಮಡಚಿ, ಪಾದಗಳನ್ನು ತೊಡೆಯ ಹಿಂದಕ್ಕೆ ಪಟ್ಟಿಯಿಂದ ಬಿಗಿದು, ಮೊಣಕಾಲಿಗೆ ಚರ್ಮದ ಗೂಡು ತೊಟ್ಟು, ಅದರ ಮೇಲೆ ನಡೆದ. ಜಾಸ್ತಿ ಹೊತ್ತು ಆಗುತ್ತಿರಲಿಲ್ಲ, ರಕ್ತ ಓಡಾಟ ನಿಂತುಹೋಗುತ್ತಿತ್ತು. ಬಿಚ್ಚಿ, ತಿಕ್ಕಿ, ಮತ್ತೆ ಕಟ್ಟಬೇಕು. ಆ ಸ್ಥಿತಿಯಲ್ಲೇ ಗೋಡೆಯ ಗೂಟ ಹಿಡಿದು ಮೇಲೇರುತ್ತಾನೆ, ಎತ್ತರದಿಂದ ಕೆಳಗೆ ಹಾರುತ್ತಾನೆ. ನೋವು ಸಹಿಸಿದ ಅನ್ನುವುದೇ ದೊಡ್ಡದು ಅಂತ ನಾನು ಹೇಳುತ್ತಿಲ್ಲ. ಅದನ್ನು ಸ್ಟುಡಿಯೋದ ಪ್ರಚಾರದವರು ಬೇಕಾದಷ್ಟು ಹೇಳಿದ್ದಾರೆ. ಮೊದಲು ಹೇಳಿದ ನೋತ್ರ ದಾಮ್ ಗೂನನ ಕಥೆ ‘ಹಂಚ್‌ಬ್ಯಾಕ್’ ಚಿತ್ರದ ಗೂನು 70 ಪೌಂಡ್ ತೂಕ ಇತ್ತು ಅಂತ ಹಬ್ಬಿಸಿದ್ದರು. ಹುಡುಕಿದವರ ಪ್ರಕಾರ 20 ಪೌಂಡ್ ಆಸುಪಾಸು. ಅದೇನು ಕಡಿಮೆಯಾ? ಒಂಬತ್ತು ಕಿಲೋ ಪ್ಲಾಸ್ಟರ್ ಬೆನ್ನಿಗೆ ಕಟ್ಟಿಕೊಂಡು ಚರ್ಚಿನ ಗೋಡೆ ಇಳಿದು ನೋಡಿ.

ಆ ಚಿತ್ರಕ್ಕೆ ಸ್ಟುಡಿಯೋ ಜಾಗದಲ್ಲಿ ನೋತ್ರ ದಾಮ್‌ನ ಮುಂಭಾಗವನ್ನೇ ಕಟ್ಟಿದ್ದರು. 1923ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಮೊದಲ ಪ್ರದರ್ಶನ. ಚೇನಿ ದೊಡ್ಡ ಸ್ಟಾರ್ ಆದ. ನನಗೆ ಆ ಚಿತ್ರ ಅಷ್ಟಾಗಿ ಹಿಡಿಸುವುದಿಲ್ಲ. ಜನಜಂಗುಳಿ ಜಾಸ್ತಿ, ಚೇನಿ ಕಡಿಮೆ.

‘ಫ್ಯಾಂಟಮ್’ ಹಾಗಲ್ಲ. ಅದರ ಮೂಗು ಹೇಗೆ ಮಾಡಿದ ಗೊತ್ತಾ? ಆಗ ಬಣ್ಣದವರು ‘ಫಿಶ್ ಸ್ಕಿನ್’ ಅನ್ನುವ ತೆಳುವಾದ, ಆರಪಾರ ಕಾಣುವ ಪೊರೆಯನ್ನು ಬಳಸುತ್ತಿದ್ದರು. ಅದರ ಒಂದು ಪಟ್ಟಿಯನ್ನು ಮೂಗಿನ ತುದಿಗೆ ಗೋಂದಿನಿಂದ ಅಂಟಿಸಿ ಮೇಲಕ್ಕೆ ಎಳೆದು ಹಿಡಿಸಿದ. ಹೊಳ್ಳೆಗಳು ಮೇಲೆದ್ದು ನಿಂತವು. ಒಳಗೆ ಕಪ್ಪು ಬಳಿದ. ಕೆನ್ನೆಯ ಎಲುಬು ಉಬ್ಬಿಸಿದ, ಕಣ್ಣಿನ ಸುತ್ತ ಕಪ್ಪು ತುಂಬಿದ, ಬೋಳು ತಲೆಯ ವಿಗ್ ಹಾಕಿದ. ಬಿಡುಗಡೆಗೆ ಮುಂಚೆ ಆ ಮುಖದ ಒಂದು ಫೋಟೋ ಕೂಡ ಸ್ಟುಡಿಯೋ ಹೊರಗೆ ಬಿಡಲಿಲ್ಲ.

ಆ ಚಿತ್ರದಲ್ಲಿ ಮುಖವಾಡ ಕಳಚುವ ದೃಶ್ಯ ನೋಡಿ. ಯಾರು ಎಲ್ಲಿದ್ದಾರೆ ಗಮನಿಸಿ. ಮುಖವಾಡ ತೊಟ್ಟ ಫ್ಯಾಂಟಮ್ ಆರ್ಗನ್ ನುಡಿಸುತ್ತಾ ನಮ್ಮ ಕಡೆ ಮುಖ ಮಾಡಿ ಕೂತಿದ್ದಾನೆ. ಅವನು ಪ್ರೀತಿಸುವ ಹುಡುಗಿ ಹಿಂದಿನಿಂದ ಬರುತ್ತಾಳೆ. ಕೈ ಮುಂದೆ ಚಾಚುತ್ತಾಳೆ, ಹಿಂದೆ ಎಳೆದುಕೊಳ್ಳುತ್ತಾಳೆ, ಮತ್ತೆ ಚಾಚುತ್ತಾಳೆ. ಮುಖವಾಡ ಕಿತ್ತಾಗ ಆ ಮುಖ ಮೊದಲು ಕಾಣುವುದು ನಮಗೆ, ಅವಳಿಗಲ್ಲ. ಅವನು ಬಾಯಿ ತೆರೆಯುತ್ತಾನೆ. ನಾವು ಬೆಚ್ಚಿಬಿದ್ದ ಮೇಲೆ ಅವನು ಅವಳ ಕಡೆ ತಿರುಗುತ್ತಾನೆ. ಇನ್ನು ಅವಳು ನೋಡುತ್ತಾಳಲ್ಲಪ್ಪಾ ಅನ್ನುವ ಎರಡನೇ ಭಯ ನಮಗೆ. ಇದು ಅಪ್ಪಟ ರಂಗಭೂಮಿಯ ಜೋಡಣೆ. ಮುಖ್ಯ ಘಟನೆ ಪ್ರೇಕ್ಷಕರ ಕಡೆಗೆ, ನೋಡಬೇಕಾದ ಪಾತ್ರ ಹಿಂದೆ. ಅದಕ್ಕೆ ಕ್ಲೋಸ್‌ಅಪ್ ಸೇರಿತು ಅಷ್ಟೆ. ಈ ಚಿತ್ರದ ನಿರ್ದೇಶಕ ರೂಪರ್ಟ್ ಜೂಲಿಯನ್‌ಗೂ ಚೇನಿಗೂ ಮಾತುಕತೆಯೇ ಸರಿ ಇರಲಿಲ್ಲ.

ನೀವು ಕೇಳಬಹುದು, ಇಷ್ಟೆಲ್ಲ ಬಣ್ಣ ಇಲ್ಲದಿದ್ದರೆ ಅವನು ನಟನಾ ಅಂತ. ಒಳ್ಳೆಯ ಪ್ರಶ್ನೆ. ಉತ್ತರಕ್ಕೆ 1927ರ ‘ದಿ ಅನ್‌ನೋನ್’ ನೋಡಿ. ಟಾಡ್ ಬ್ರೌನಿಂಗ್ ನಿರ್ದೇಶನ. ಕಥೆ ಕೇಳಿದರೆ ನಗು ಬರುತ್ತದೆ. ಅಲೋಂಝೋ ಅನ್ನುವವನು ಸರ್ಕಸ್ಸಿನಲ್ಲಿ ಕೈಯಿಲ್ಲದವನಂತೆ ನಟಿಸಿ ಕಾಲಿನಿಂದ ಚಾಕು ಎಸೆಯುತ್ತಾನೆ. ಕೈಗಳು ಬಟ್ಟೆಯೊಳಗೆ ಬಿಗಿದಿವೆ. ಅವನು ಪ್ರೀತಿಸುವ ನ್ಯಾನನ್‌ಗೆ ಗಂಡಸರ ಕೈ ಕಂಡರೆ ಆಗುವುದಿಲ್ಲ. ಹಾಗಾಗಿ ಅವನು ನಿಜವಾಗಿಯೂ ಎರಡೂ ಕೈ ಕತ್ತರಿಸಿಕೊಂಡು ಬರುತ್ತಾನೆ. ಬರುವಷ್ಟರಲ್ಲಿ ಅವಳ ಭಯ ಹೋಗಿದೆ. ಸರ್ಕಸ್ಸಿನ ಪೈಲ್ವಾನನನ್ನು ಮದುವೆಯಾಗಲಿದ್ದಾಳೆ.

ಆ ಭೇಟಿಯ ದೃಶ್ಯ. ನ್ಯಾನನ್ ಮದುವೆ ಅಂದಾಗ ಅವನು ತನ್ನ ಜೊತೆಗೇ ಅಂದುಕೊಳ್ಳುತ್ತಾನೆ. ಮುಖ ಅರಳುತ್ತದೆ. ಆಮೇಲೆ ಪೈಲ್ವಾನ ಬಂದು ಅವಳನ್ನು ತಬ್ಬುತ್ತಾನೆ. ಅವಳು ನಗುತ್ತಾ, ನೋಡು, ಈಗ ಈ ಕೈಗಳೆಂದರೆ ನನಗೆ ಭಯವೇ ಇಲ್ಲ ಅನ್ನುತ್ತಾಳೆ. ಚೇನಿಯ ಮುಖದ ಮೇಲಿನ ನಗು ಹೋಗುವುದಿಲ್ಲ. ಅದೇ ನಗು ದೊಡ್ಡದಾಗುತ್ತದೆ. ಅವರಿಬ್ಬರೂ ಜೊತೆಗೆ ನಗುತ್ತಾರೆ, ಏನೋ ತಮಾಷೆ ಅಂದುಕೊಂಡು. ನಗು ನಿಲ್ಲುವುದಿಲ್ಲ. ಕಣ್ಣು ಬೇರೆಯಾಗುತ್ತದೆ, ಕತ್ತಿನ ನರ ಎದ್ದು ನಿಲ್ಲುತ್ತದೆ, ನಗು ಯಾವಾಗ ಚೀರಾಟವಾಯಿತು ಅಂತ ಹೇಳಲಾಗುವುದಿಲ್ಲ. ಸದ್ದಿಲ್ಲದ ಚಿತ್ರ ಅದು! ಇಲ್ಲಿ ಗೂನಿಲ್ಲ, ಮೂಗಿನ ಪಟ್ಟಿ ಇಲ್ಲ. ನ್ಯಾನನ್ ಆಗಿದ್ದವಳು ಜೋನ್ ಕ್ರಾಫರ್ಡ್, ಆಗಿನ್ನೂ ಹೊಸಬಳು. ನಟನೆ ಅಂದರೇನು ಅಂತ ಚೇನಿಯನ್ನು ನೋಡಿ ತಿಳಿದೆ ಅಂತ ಆಕೆ ಮುಂದೆ ಹೇಳಿದ್ದಾಳೆ. ಅಂದಹಾಗೆ, ಕಾಲಿನಿಂದ ಮಾಡುವ ಕಷ್ಟದ ಕೆಲಸಗಳಲ್ಲಿ ಕಾಣುವ ಕಾಲು ಚೇನಿಯದಲ್ಲ. ಪಾಲ್ ಡೆಸ್ಮ್ಯೂಕ್ ಅನ್ನುವ, ನಿಜವಾಗಿ ಕೈಯಿಲ್ಲದ ಕಲಾವಿದನದ್ದು. ಒಬ್ಬನ ಮುಖಕ್ಕೆ ಇನ್ನೊಬ್ಬನ ಕಾಲು ತಾಳ ತಪ್ಪದೆ ಹೊಂದಬೇಕು. ಅದೂ ಒಂದು ಜುಗಲ್‌ಬಂದಿ.

ಬಣ್ಣವೇ ಇಲ್ಲದ ಪಾತ್ರ ಬೇಕೆಂದರೆ 1926ರ ‘ಟೆಲ್ ಇಟ್ ಟು ದಿ ಮರೀನ್ಸ್’. ಗಡಸು ಸಾರ್ಜೆಂಟ್. ಅದು ಅವನ ದೊಡ್ಡ ಹಿಟ್‌ಗಳಲ್ಲೊಂದು. ಅಮೆರಿಕದ ಮರೀನ್ ಪಡೆ ಅವನನ್ನು ಗೌರವ ಸದಸ್ಯನನ್ನಾಗಿ ಮಾಡಿಕೊಂಡಿತು.

ಒಂದು ಕಹಿ ವಿಷಯವನ್ನೂ ಹೇಳಬೇಕು. ಚೇನಿ ಚೀನೀಯರ ಪಾತ್ರಗಳನ್ನೂ ಮಾಡಿದ. 1927ರ ‘ಮಿಸ್ಟರ್ ವೂ’ದಲ್ಲಿ ತಾತ, ಮೊಮ್ಮಗ ಎರಡೂ ಅವನೇ. ಮೇಕಪ್ ದೃಷ್ಟಿಯಿಂದ ಅಚ್ಚುಕಟ್ಟು. ಆದರೆ ಅದೇ ಚಿತ್ರದಲ್ಲಿ ಅನ್ನಾ ಮೇ ವಾಂಗ್ ಇದ್ದಳು, ನಿಜವಾದ ಚೀನೀ ಮೂಲದ ಒಳ್ಳೆಯ ನಟಿ. ನಾಯಕಿ ಪಾತ್ರ ಮಾತ್ರ ಬಣ್ಣ ಹಚ್ಚಿದ ಫ್ರೆಂಚ್ ನಟಿಗೆ. ಸಾವಿರ ಮುಖದ ಮನುಷ್ಯ ಅಂತ ಚೇನಿಯನ್ನು ಹೊಗಳುವಾಗ, ಆ ಸಾವಿರದಲ್ಲಿ ಕೆಲವು ಮುಖ ಬೇರೆಯವರ ಅನ್ನ ಅನ್ನುವುದನ್ನು ಮರೆಯಬಾರದು.

ಆಮೇಲೆ ಮಾತು ಬಂತು. ನಮ್ಮಲ್ಲಿ ಈ ದಾರಿ ಬೇರೆ ಥರ ಇತ್ತು. 1931ರಲ್ಲಿ ಬಂದ ಮೂಕಿ ‘ವಸಂತಸೇನೆ’ಯಲ್ಲಿ ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ ಅವರಂಥವರು ನಟಿಸಿದ್ದರು, ನಿಜ. ಆದರೆ ನಮ್ಮ ಕಂಪನಿ ನಾಟಕದವರು ದೊಡ್ಡದಾಗಿ ಸಿನಿಮಾಕ್ಕೆ ಬಂದದ್ದು ಮಾತು ಬಂದ ಮೇಲೆ. 1934ರ ‘ಸತಿ ಸುಲೋಚನ’ದಲ್ಲಿ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಪರದೆಗೆ ತಂದದ್ದು ತಮ್ಮ ಕಂಠವನ್ನು, ಹಾಡನ್ನು. ಚೇನಿಯದು ಉಲ್ಟಾ. ಹಾಡಿ, ಮಾತಾಡಿ, ನಗಿಸಿ ಬದುಕಿದ್ದವನು ಹದಿನೇಳು ವರ್ಷ ಬಾಯಿ ಕಟ್ಟಿಕೊಂಡು ದುಡಿದ.

ಟಾಕಿಗೆ ಅವನು ಬೇಗ ಒಪ್ಪಲಿಲ್ಲ. ಕೊನೆಗೆ 1930ರಲ್ಲಿ ತನ್ನದೇ ಮೂಕಿ ‘ದಿ ಅನ್‌ಹೋಲಿ ತ್ರೀ’ಯನ್ನು ಮಾತಿನೊಂದಿಗೆ ಮತ್ತೆ ಮಾಡಿದ. ಬೊಂಬೆಗೆ ದನಿ ಕೊಡುವ ಕಲಾವಿದನೊಬ್ಬ ಮುದುಕಿಯ ವೇಷ ಹಾಕಿ ಕಳ್ಳತನ ನಡೆಸುವ ಕಥೆ. ಅದರಲ್ಲಿ ಕಲಾವಿದ, ಮುದುಕಿ, ಬೊಂಬೆ, ಗಿಳಿ, ಒಬ್ಬ ಹುಡುಗಿ, ಐದೂ ದನಿ ಅವನದೇ. ಯಾರೂ ನಂಬಲಾರರು ಅಂತ ಐದೂ ನನ್ನವೇ ಎಂದು ಪ್ರಮಾಣಪತ್ರಕ್ಕೆ ಸಹಿ ಹಾಕಿಕೊಟ್ಟ. ಚಿತ್ರ ಜುಲೈಯಲ್ಲಿ ಬಂತು. ಆಗಸ್ಟ್ 26ಕ್ಕೆ ಚೇನಿ ತೀರಿಕೊಂಡ, ಶ್ವಾಸನಾಳದ ಕ್ಯಾನ್ಸರ್. 47 ವರ್ಷ. ಅವನ ಟಾಕಿ ಅದೊಂದೇ.

ನೂರೈವತ್ತಕ್ಕೂ ಹೆಚ್ಚು ಚಿತ್ರ ಮಾಡಿದವನದ್ದು ಉಳಿದಿರುವುದು ಸಣ್ಣ ಪಾಲು. ‘ಲಂಡನ್ ಆಫ್ಟರ್ ಮಿಡ್‌ನೈಟ್’ನ ಕೊನೆಯ ಪ್ರತಿ 1960ರ ದಶಕದಲ್ಲಿ ಸ್ಟುಡಿಯೋ ಉಗ್ರಾಣದ ಬೆಂಕಿಗೆ ಹೋಯಿತು. ಬಣ್ಣದ ಪೆಟ್ಟಿಗೆ ಮಾತ್ರ ಲಾಸ್ ಏಂಜಲಿಸ್‌ನ ಮ್ಯೂಸಿಯಂ ಒಂದರಲ್ಲಿದೆ.

ಮಗ ಕ್ರೈಟನ್ ನಟನಾಗುವುದು ಅಪ್ಪನಿಗೆ ಇಷ್ಟವಿರಲಿಲ್ಲ. ಅಪ್ಪ ಇರುವವರೆಗೆ ಅವನು ನೀರು ಕಾಯಿಸುವ ಹೀಟರ್ ಕಂಪನಿಯಲ್ಲಿ ಕೆಲಸಕ್ಕಿದ್ದ. ಆಮೇಲೆ ಸಿನಿಮಾಕ್ಕೆ ಬಂದ. ಸ್ವಂತ ಹೆಸರಲ್ಲಿ ನಡೆಯಲಿಲ್ಲ, 1935ರಲ್ಲಿ ಲಾನ್ ಚೇನಿ ಜೂನಿಯರ್ ಆದ. 1940ರಲ್ಲಿ ಆದಿಮಾನವರ ಕಥೆಯ ಒಂದು ಚಿತ್ರಕ್ಕೆ ಅಪ್ಪನ ಹಾಗೆ ತನ್ನ ಬಣ್ಣ ತಾನೇ ಹಚ್ಚಿಕೊಳ್ಳಲು ಹೋದ. ಮೇಕಪ್‌ನವರ ಯೂನಿಯನ್ ಒಪ್ಪಲಿಲ್ಲ. ಅಷ್ಟೊತ್ತಿಗೆ ಆ ಕೆಲಸಕ್ಕೆ ಬೇರೆಯವರೇ ಇದ್ದರು, ನಟ ಅದನ್ನು ಮುಟ್ಟುವ ಹಾಗಿರಲಿಲ್ಲ. ಮರುವರ್ಷ ಅವನಿಗೆ ಹೆಸರು ತಂದ ‘ದಿ ವುಲ್ಫ್ ಮ್ಯಾನ್’ ಮುಖವನ್ನು ಮಾಡಿದ್ದು ಸ್ಟುಡಿಯೋದ ಜ್ಯಾಕ್ ಪಿಯರ್ಸ್. ಮಗ ಕುರ್ಚಿಯಲ್ಲಿ ಗಂಟೆಗಟ್ಟಲೆ ಸುಮ್ನೆ ಕೂರಬೇಕಿತ್ತು.